ಫ್ಯಾನ್ ಬಂದದ

ಇಲ್ಲ, ಗಾಡಿಗೆ ಏನೂ ಆಗಿಲ್ಲ. ನಾನಽ ನಿಂದ್ರಸೀನಿ. ಆ ಬಾಗಿಲದ ಹಿಡಿಕಿ ಹುಡಕಬ್ಯಾಡ್ರಿ ಅಪ್ಪಾಸಾಹೇಬ್ರ, ಅದು ಮುರದು ಆರು ತಿಂಗಳಾತು. ಹೊರಗಿಂದ ನಾ ಬಂದು ತೆಗದ್ರ ತೆಗೀತದ, ಇಲ್ಲಂದ್ರ ಇಲ್ಲ. ಕೂಡ್ರಿ. ಕೂತು ಮುಂದ ನೋಡ್ರಿ… ಏನ ಕಾಣಸ್ತದ? ಪಾರಸಿಕ್ ಗುಡ್ಡದ ಕಲ್ಲು ತೆಗದು ತೆಗದು ಬಿಟ್ಟ ಖದಾನು. ಮಳಿಗಾಲದ ನೀರು ಹಸರಾಗಿ ನಿಂತದ. ಹದಿನೈದು ವರ್ಷದಾಂವ ಇದ್ದಾಗ ನಾ ಇಲ್ಲೇ ಕಲ್ಲು ಒಡೀತಿದ್ದೆ, ಎಷ್ಟು ಆಳ ಅದ ಅಂತ ನನಗ ಗೊತ್ತದ. ನಿಮ್ಮ ಡೊಂಬಿವ್ಲಿ ಮನಿಯ ಸಾಮಾನು ಅಷ್ಟೂ ಹಿಡೀತದ. ಕಪಾಟು, ಟಿ.ವಿ., ವೈನಿಯವರ ಹೊಲಿಗಿ ಮಷೀನು… ಬೇಕಂದ್ರ ಈ ಟೆಂಪೊ ಸುದ್ದಾ.

ಹೆದರಬ್ಯಾಡ್ರಿ. ನಾವಿಬ್ಬರೂ ಇಳೀತೀವಿ, ಸಾಮಾನಷ್ಟ ಹೋಗತದ. ವೈನಿಯವರು ಮಕ್ಕಳನ್ನ ಕಟಗೊಂಡು ಬಸ್ಸಿಗೆ ವಾಶಿ ಮುಟ್ಟಿರಬೇಕು ಈಗ. ಹೊಸಾ ಮನ್ಯಾಗ ಖಾಲಿ ನೆಲದ ಮ್ಯಾಲ ಕೂತು ದಾರಿ ಕಾಯತಿರಬೇಕು. ಕಾಯಲಿ. ನಾ ಮೂರು ವರ್ಷ ಕಾದೀನಿ.

ಇನ್ನೂ ಗುರ್ತು ಸಿಗಲಿಲ್ಲೇನು? ಗಡ್ಡ ಬಿಟ್ಟೀನಿ ಖರೆ, ಆದ್ರ ಸಾಮಾನು ಏರಸೂ ಮುಂದ ಒಂದ ಸಲನಾದ್ರೂ ಮಾರಿ ನೋಡಿದ್ರೇನು ನೀವು? 'ಏ ಡ್ರೈವರ್, ಕನ್ನಡಿ ಜೋಪಾನ' ಅಂದ್ರಿ, ಮುಗೀತು. ಕನ್ನಡಿ ಜೋಪಾನ ಅದ ಬಿಡ್ರಿ, ಗಾದಿ ನಡು ಇಟ್ಟೀನಿ. … ಸೈದಪ್ಪ. ಹೂಂ. ಬಣ್ಣದ ಕಂಪನಿಯ ಕಂಪ್ಯೂಟರ್ ಕೋಣಿಯ ಸೈದಪ್ಪ. ದೇವಪ್ಪ ಅಂದ್ರ ಲಗೂನ ನೆನಪಾದೀತು ನಿಮಗ.

ಯಾಕ ನಗತೀರಿ? ನಕ್ಕಂಗ ಮಾಡಿದ್ರಿ, ನಾ ನೋಡೀನಿ… ಇಲ್ಲಂದ್ರ ಇಲ್ಲ. ಆ ತಗಡಿನ ಟ್ರಂಕು ತೊಡಿ ಮ್ಯಾಲ ಯಾಕ? ಕೆಳಗ ಇಡ್ರಿ, ಭಾರ ಆಗತದ. ಇಡಂಗಿಲ್ಲ. ಹೋಗಲಿ, ಅಪ್ಪಿಕೊಂಡ ಕೂಡ್ರಿ.

ನನಗ ಬೇಕಾದದ್ದು ಎರಡ. ಮೊದಲನೇದು, ಬಿಳಿ ಕಾಗದದ ಮ್ಯಾಲ ಬರದು ಸಹಿ ಹಾಕ್ರಿ: ಡಿಸ್ಕಿನ ಫ್ಯಾನ್ ಕೆಟ್ಟ ದಿನ ಸೈದಪ್ಪ ನನಗ ಫೋನ್ ಮಾಡಿ ಹೇಳಿದ್ದ. ಅಷ್ಟ. ಮಹಾಪೆಯಾಗ ಹೊಸಾ ಕಂಪನಿ ಬಂದದ, ಅಲ್ಲೂ ಒಂದು ಕಂಪ್ಯೂಟರ್ ಕೋಣಿ. ನಮ್ಮ ಹಳೀ ಗೇಟಿನ ಹಣಮಂತ್ರಾಯ ಈಗ ಅಲ್ಲಿ ವಾಚಮನ್. ಹಳೀ ಕಂಪನಿಯವರ ಒಂದು ಚೀಟಿ ತಂದ್ರ ನಿನ್ನ ಒಳಗ ತಗೋತಾರ, ಇಲ್ಲಂದ್ರ ಮಷೀನ್ ಕೊಂದಾಂವ ಅಂತಾರ ಅಂದ. ಎರಡನೇದು, ಅವತ್ತಿನ ಕನ್ಸೋಲ್ ಕಾಗದ. ನೀವು ಮುಚ್ಚಿಟ್ಟದ್ದು. ಎಲ್ಲಿ ಅದ ಹೇಳ್ರಿ.

ನಿಮ್ಮ ಮಷೀನಿನೊಳಗಿನ ಕರ್ನಲ್ ಹತ್ತು ಸಲ ಕೇಳತಿತ್ತಲ್ಲ, ನಾನೂ ಹತ್ತು ಸಲ ಕೇಳತೀನಿ. ಇದು ಒಂದು. ಹತ್ತಾದ ಮ್ಯಾಲ ಗಾಲಿ ಕೆಳಗಿನ ಕಲ್ಲು ತಗೀತೀನಿ.

ನನ್ನ ಕಾಲಿನ ಗುಣ ನಿಮಗ ಗೊತ್ತದ. ನಾಕನೇತ್ತಕ್ಕ ಸಾಲಿ ಬಿಟ್ಟು ಜೇವರ್ಗಿಯಾಗ ಲಾರಿ ಹತ್ತಿದಾಂವ, ಎಲ್ಲೂ ಆರು ತಿಂಗಳು ನಿಂತಾಂವಲ್ಲ. ಇಲ್ಲಿ ಕಲ್ಲು ಒಡದೆ, ಕಲ್ಯಾಣದಾಗ ಚೀಲ ಹೊತ್ತೆ, ಕಳಂಬೋಲಿಯಾಗ ಕಬ್ಬಿಣದ ಸಳಿ ಹೊತ್ತೆ, ಠಾಣಾದ ಖಾನಾವಳಿಯಾಗ ಮುಸುರಿ ತಿಕ್ಕಿದೆ. ಬ್ಯಾಸರಾತಂದ್ರ ಚಪ್ಪಲಿ ಮೆಟ್ಟಿ ಹೊಂಟಬಿಡಾಂವ, ಯಾರಿಗೂ ಹೇಳೂದಿಲ್ಲ ಕೇಳೂದಿಲ್ಲ. ನಿಮ್ಮ ಕೋಣ್ಯಾಗ ಮಾತ್ರ ಮೂರು ವರ್ಷ ನಿಂತೆ. ಮಷೀನಿನ ಪೆಟಗಿ ಹೊತ್ತು ತಂದ ಎಂಟು ಹಮಾಲರಾಗ ನಾ ಒಬ್ಬ. ಏಳು ಮಂದಿ ಕೂಲಿ ತಗೊಂಡು ಹೋದ್ರು, ನಾ ಹೋಗಲಿಲ್ಲ. ಆ ತಂಪು… ಆ ಗುಂಯ್ ಅನ್ನೂ ಸಪ್ಪಳ… ನೆಲ ಒರಸತೀನಿ, ಟೇಪಿನ ಗಾಲಿ ಎತ್ತಿಕೊಡತೀನಿ, ಇಟಗೋರಿ ಅಂದೆ. ಇಟಗೊಂಡ್ರಿ. ಅದು ನಿಮ್ಮ ಉಪಕಾರ, ಇಲ್ಲನ್ನಂಗಿಲ್ಲ.

ಕಲಿಸಿದಾವರೂ ನೀವಽ. ಊಟದ ಹೊತ್ತಿನಾಗ ಶೇಂಗಾ ಸುಲಕೋತ ಹೇಳಿದ್ರಿ: 'ಸೈದಪ್ಪ, ಇದು ಸಿಪ್ಪಿ, ಇದು ಕಾಳು. ಮಷೀನದಾಗೂ ಹಂಗ ಒಂದು ಕಾಳು ಅದ, ಅದಕ್ಕ ಕರ್ನಲ್ ಅಂತಾರ.' ಡಿಸ್ಕು, ಟೇಪು, ಪ್ರಿಂಟರು ಎಲ್ಲಾ ಹೊರಗಿನ ಮಂದಿ ಅಂತ, ಅವರ ಕೂಡ ಮಾತಾಡೂದು ಕಾಳು ಒಂದಽ ಅಂತ. ಯಾರಿಗೆ ಜಡ್ಡಾದ್ರೂ ಮೊದಲ ಅದಕ್ಕ ತಿಳೀತದಂತ, ತಿಳದದ್ದನ್ನ ಕನ್ಸೋಲದಾಗ ಬರೀತದಂತ. ಕನ್ಸೋಲ್ ಅಂದ್ರ ಟೈಪಿನ ಮಷೀನಿನಂಥಾದ್ದು, ಟಕಟಕ ಅಂತ ತಾನಽ ಕಾಗದದ ಮ್ಯಾಲ ಹೊಡೀತಿತ್ತು, ಯಾರೂ ಮುಟ್ಟದ. ಮೊದಲ ಸಲ ನೋಡಿದಾಗ ಎರಡು ಹೆಜ್ಜಿ ಹಿಂದ ಸರದಿದ್ದೆ ನಾನು.

ನನಗ ಇಂಗ್ಲೀಷು ಬರಂಗಿಲ್ಲ. ಬರೇ ಅಕ್ಷರದ ಗುರ್ತು. ಜಡ್ಡಿನ ಸಾಲು ಬಂದಾಗೆಲ್ಲಾ ಅದರ ನಡು ಮೂರಕ್ಷರ ಇರತಿದ್ವು. ಡಿ, ಇ, ವಿ. ಕೂಡಿಸಿ ಓದಿದ್ರ ಏನಾತು? ದೇವ್. ನಾ ಏನ ತಿಳಕೋಬೇಕು? ಮಷೀನಿಗೆ ತ್ರಾಸಾದಾಗ ಅದೂ ದೇವರನ್ನ ಕರೀತದ, ನಮ್ಮಂಗ. ಒಂದಿನ ಆ ಸಾಲು ನೋಡಿ ಕೈ ಮುಗದುಬಿಟ್ಟೆ… ನೀವು ಬಾಗಿಲದಾಗ ನಿಂತು ನೋಡಿದ್ರಿ. ದೇವರಲ್ಲಪಾ, ಡಿವೈಸು, ಮಷೀನಿನ ಅಂಗ ಅಂತ ತಿಳಿಸಿ ಹೇಳಿದ್ರಿ. ಅಷ್ಟಕ್ಕ ಬಿಟ್ರೇನು? ಕ್ಯಾಂಟೀನಿನ್ಯಾಗ ಹೇಳಿದ್ರಿ. ಮರುದಿನದಿಂದ ಗೇಟಿನಾಂವನೂ ದೇವಪ್ಪ ಅನಲಾಕ ಹತ್ತಿದ. ಬಣ್ಣದ ಪಾಕದ ಲೆಕ್ಕ ಮಷೀನಿಗೆ ತುಂಬತಿದ್ಲಲ್ಲ ಟೈಪಿನ ಚಂಪಾ, ಯಾವ ಬಣ್ಣಕ್ಕ ಯಾವ ಪುಡಿ ಎಷ್ಟು ಅಂತ ದಿನಾ ಕೂತು ಹೊಡೀತಿದ್ಲು… ಆಕಿ ಒಬ್ಬಾಕಿ ಸೈದಪ್ಪಾ ಅಂತಿದ್ಲು.

ಹಾಂ, ಹೊರಗ ನೋಡ್ರಿ. ನೋಡಿ ಏನ ಮಾಡತೀರಿ? ಈ ದಾರಿಗೆ ಖದಾನಿನ ಲಾರಿ ಬಿಟ್ರ ಯಾರೂ ಬರಂಗಿಲ್ಲ, ಅವೂ ಇವತ್ತ ರಜಾ. ಎರಡನೇ ಸಲ ಕೇಳತೀನಿ, ಕಾಗದ ಎಲ್ಲಿ?

ಮತ್ತ ಮಷೀನಿನ ಜಡ್ಡು ಮೊದಲಽ ಹಿಡಿಯೂ ಆ ಉಪಾಯ ಯಾರದು? ಅದನ್ನಾದ್ರೂ ಹೇಳ್ರಿ. ಮೊದಲ ನಿಮ್ಮ ಕಾಳು ಗುಟ್ಟಿನ ಮನಶ್ಯಾ ಇತ್ತು. ಡಿಸ್ಕಿಗೆ ಏನರೆ ಕೇಳಿ ಉತ್ತರ ತಪ್ಪು ಬಂದ್ರ ಮತ್ತ ಕೇಳತಿತ್ತು, ಮತ್ತ ತಪ್ಪಾದ್ರ ಮತ್ತ. ಹತ್ತು ಸಲ ಆದ ಮ್ಯಾಲಽ ಒಂದು ಸಾಲು. ಒಂಬತ್ತನೇ ಸಲಕ್ಕ ಡಿಸ್ಕು ಸರಿ ಉತ್ತರ ಕೊಟ್ರ ಏನೂ ಆಗೇ ಇಲ್ಲ ಅನ್ನೂಹಂಗ ಸುಮ್ಮನಾಗತಿತ್ತು. ಅದನ್ನ ಕಿವೀಲೆ ಹಿಡದಾಂವ ನಾನು. ಡಿಸ್ಕಿನ ಪೆಟಗಿಯೊಳಗ ಕಟ್ ಕಟ್ ಕಟ್, ಹೋಗಿ ಬಂದು, ಹೋಗಿ ಬಂದು. ಸಾಹೇಬ್ರ, ಇದು ಕೇಳಕೋತ ಹೊಂಟದ, ಬಾಯಿ ಬಿಡವಲ್ಲದು, ಮೊದಲನೇ ಸಲಕ್ಕಽ ಒದರೂಹಂಗ ಮಾಡ್ರಿ ಅಂದೆ. ನೀವು ನನ್ನ ಮಾರಿ ನೋಡಿದ್ರಿ… ಬಾಳ ಹೊತ್ತು ನೋಡಿದ್ರಿ. ಎರಡು ದಿನ ಕೂತು ಆ ಕಾಳಿನೊಳಗಿನ ಬರಹ ತಿದ್ದಿದ್ರಿ. ತಪ್ಪಿದಾಗೆಲ್ಲಾ ಒಂದು ಸಾಲು ಬೀಳಲಾಕ ಹತ್ತಿತು. ನನ್ನ ಕೈಯಾಗ ಪೆನ್ಸಿಲ್ ಕೊಟ್ರಿ. ಸಾಲಿಗೊಂದು ಟಿಕ್ ಹಾಕು, ನನಗ ಫೋನ್ ಮಾಡಿದಾಗ ಬಾಜೂಕ ಒಂದು ಸೊನ್ನಿ ಬರಿ ಅಂದ್ರಿ. ಟಿಕ್ಕು, ಸೊನ್ನಿ. ನಾಕನೇತ್ತದಾಂವಗ ಅದಽ ಬರವಣಿಗಿ. ರಾತ್ರಿ ಮಲಗಿದ್ರೂ ಬೆರಳು ಟಿಕ್ ಹಾಕತಿತ್ತು.

ಆಮ್ಯಾಲ? ಆಮ್ಯಾಲ ಗಡಿಯಾರ ಬಂತು.

ಎಂಬತ್ತಾರನೇ ಇಸವಿ, ಮೇ ತಿಂಗಳು, ಶನಿವಾರ ಮಧ್ಯಾಹ್ನ. ಮೇನ್ ಆಫೀಸಿನ್ಯಾಗ ಡೈರೆಕ್ಟರ ಚಾ ಪಾರ್ಟಿ. ಮಷೀನಿನ ಜಡ್ಡು ಮೊದಲೇ ಹಿಡಿಯೂ ಉಪಾಯ ಕಂಡುಹಿಡದ ಅಪ್ಪಾಸಾಹೇಬ್ರಿಗೆ ಶಾಲು, ಗೋಡಿ ಗಡಿಯಾರ. ಆ ಗಡಿಯಾರ ಈಗ ಹಿಂದ ಹಾಸಿಗಿ ಸುರಳಿಯಾಗ ಅದ, ನಾನಽ ಏರಿಸೀನಿ. ಇನ್ನೂ ನಡೀತದ, ಕಿವಿ ಹಚ್ಚಿ ಕೇಳಿದೆ. ನನಗ ಏನಂದ್ರಿ ಅವತ್ತು? 'ಸೈದಪ್ಪ, ನೀ ಮಷೀನಿನ ಹತ್ರ ಇರು.' ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ದೆ ನಾನು. ನೋಡಿದ್ರೋ ಇಲ್ಲೋ.

ಅವತ್ತಽ ಡಿಸ್ಕ್ ಪೆಟಗಿಯ ಫ್ಯಾನ್ ಕೈ ಕೊಟ್ಟಿತು. ಮೊದಲಽ ಕಿರಗುಡತಿತ್ತು. ಹೊಸಾದು ಲ್ಯಾಮಿಂಗ್ಟನ್ ರೋಡಿನಿಂದ ತರಸಲಾಕ ನೀವು ಹೇಳಿದ್ರಿ, ಅದು ಬರೂದ್ರೊಳಗ ಇದು ಹೋತು. ಪೆಟಗಿ ಕಾಯಲಾಕ ಹತ್ತಿತು. ಕನ್ಸೋಲ್ ಟಕಟಕ ಅಂತು. ಒಂದು ಸಾಲು, ಟಿಕ್. ಎರಡು. ಮೂರು. ನಾಕನೇ ಟಿಕ್ಕಿಗೆ ಓಡಿ ಹೋಗಿ ಇಂಟರ್ಕಾಮ್ ಎತ್ತಿದೆ. ಸಾಹೇಬ್ರ, ಡಿಸ್ಕಿನ ಫ್ಯಾನ್ ಬಂದ್ ಅದ ಅಂದೆ. ನಿಮ್ಮ ಹಿಂದ ಕಪ್ಪು ಬಶಿ ಸಪ್ಪಳ, ನಗಿ. 'ಹೌದಾ? ಚೊಲೊ ಆತು' ಅಂದ್ರಿ. ಫೋನ್ ಕಟ್ಟಾತು. ಚೊಲೊ ಆತಂತ… ಮಷೀನ್ ಸಾಯಲಾಕ ಹತ್ತದ, ಚೊಲೊ ಆತಂತ. ಒಂದು ತಾಸಿನ ಮ್ಯಾಲ ಡಿಸ್ಕಿನೊಳಗ ಓದೂ ತಲಿ ಕೆಳಗ ಬಿದ್ದು, ತಿರಗೂ ತಟ್ಟಿಯನ್ನ ಕೆರೀತು. ಆ ಸಪ್ಪಳ ನೀವು ಕೇಳಿಲ್ಲ. ಹಸೀ ಗೋಡಿ ಮ್ಯಾಲ ಮೊಳಿ ಎಳದಂಗ. ಚಂಪಾ ತುಂಬಿದ ಪಾಕ ಎಲ್ಲಾ ಹೋತು. ಟೇಪಿನಾಗಿನ ನಕಲು ನೋಡಿದ್ರ ಅದು ಹ್ವಾದ ವರ್ಷದ್ದು.

ಸೋಮವಾರ ಸಾಹೇಬರೆಲ್ಲಾ ಕೂತು ಕೇಳಿದ್ರು. ನೀವು ಹೇಳಿದ್ರಿ: ಇಂವ ಫ್ಯಾನ್ ಬಂದದ ಅಂದ, ಹೊಸಾ ಫ್ಯಾನ್ ಬಂದದ ಅಂತ ನಾ ತಿಳದೆ. ಬಂದ್ ಅದ, ಬಂದದ! ಕೂತವರಾಗ ಕನ್ನಡ ಯಾರಿಗೆ ಬರತಿತ್ತು? ಅವರಿಗೆ ಬಂದ್ ಅಂದ್ರ ಬಂದ್. 'ಬಂದ್ ಬೋಲಾ ನಾ?' ಅಂತ ಅವರು ಕೇಳಿದ್ರ, ನೀವು ಹೌದು ಸಾಹೇಬ್, ನಮ್ಮ ಭಾಷಾದಾಗ ಬಂದ ಅಂದ್ರ ಆಯಾ ಅಂತ ಬಿಡಿಸಿ ಹೇಳಿದ್ರಿ. ನಕ್ಕರು ನೋಡ್ರಿ. ಹೊಟ್ಟಿ ಹಿಡಕೊಂಡು ನಕ್ಕರು. ನನ್ನ ಕೆಲಸ ಹೋಗೂ ಕೂಟದಾಗ ಎಲ್ಲಾರಿಗೂ ನಗಿ. ಹೆಲ್ಪರಗ ಮಾತಾಡಲಾಕ ಬರಂಗಿಲ್ಲ, ತಗದ ಹಾಕ್ರಿ ಅಂದ್ರು. ಕಾಗದ ನೋಡ್ರಿ, ನನ್ನ ಸೊನ್ನಿ ಅದ, ನಾ ಫೋನ್ ಮಾಡೀನಿ ಅಂತ ಒದರಿದೆ. ಕಾಗದಽ ಇಲ್ಲ! ರವಿವಾರ ಯಾರೋ ಹರಕೊಂಡು ಹೋಗ್ಯಾರ. ಯಾರೋ ಅಂದ್ರ ಯಾರು? ಕೋಣಿ ಕೀಲಿ ನಿಮ್ಮ ಕಿಸೆದಾಗ.

ಮೂರು ವರ್ಷ. ಟೆಂಪೊ ಸ್ಟ್ಯಾಂಡಿನ್ಯಾಗ ಕೂತು ದಿನಾ ಅದಽ ಲೆಕ್ಕ ಹಾಕೀನಿ. ಅಪ್ಪಾಸಾಹೇಬ್ರು ವಾಶಿಗೆ ಮನಿ ಬದಲಸ್ತಾರ ಅಂತ ಕಿವಿಗೆ ಬಿದ್ದದ್ದಽ, ಇನ್ನೊಬ್ಬನ ಪಾಳಿ ಕಾಡಿಬೇಡಿ ನಾ ತಗೊಂಡೆ. ನೀವು ನನ್ನ ಸೊನ್ನಿ ಕದ್ದೀರಿ. ಇದು ಎಷ್ಟನೇದು, ಐದೋ ಆರೋ… ಕಾಗದ ಎಲ್ಲಿ? ಮಾತಾಡ್ರಿ. ಏಳು. ಕಾಗದ ಎಲ್ಲಿ? ಎಂಟು. ನಾ ಚ್ಯಾಷ್ಟಿ ಮಾಡಲಾಕ ಹತ್ತಿಲ್ಲ ಸಾಹೇಬ್ರ. ಇಕಾ, ಇಳೀಲಾಕ ಹತ್ತೀನಿ, ಕಲ್ಲು…

ಏನ ಮಾಡತೀರಿ? ಟ್ರಂಕಿನಾಗ ಕೈ ಯಾಕ? ಕೈ ಹೊರಗ ಇಡ್ರಿ ಅಂದೆ.

ಏನಿದು.

ಸುರಳಿ. ನೂಲು ಸುತ್ತೀರಿ. ಮ್ಯಾಲ ಬರದದ್ದು… ತಡೀರಿ, ಇದನ್ನ ಓದಬಲ್ಲೆ ನಾನು, ಕನ್ನಡದಾಗ ಅದ. 'ಸೈದಪ್ಪ.' ನನ್ನ ಹೆಸರು ಬರದೀರಿ. ನೋಡ್ರಿ, ನೋಡ್ರಿ, ನಾ ಹೇಳಲಿಲ್ಲೇನು, ಇಟಗೊಂಡಾರ! ತೊಡಿ ಮ್ಯಾಲ ಇಟಗೊಂಡು ಕೂತಾರ ಇಷ್ಟೊತ್ತನಾ! ಬಿಚ್ರಿ. ಬಿಚ್ರಿ ಅದನ್ನ, ನಾ ಸ್ಟೇರಿಂಗಿನ ಮ್ಯಾಲ ಹಿಡೀತೀನಿ. ಒಂದು… ಎರಡು… ಮೂರು, ನಾಕು. ನಾಕು ಟಿಕ್. ಇಕಾ! ಇಕಾ ನನ್ನ ಸೊನ್ನಿ! ಎಷ್ಟು ದುಂಡಗ ಬರದೀನಿ ನೋಡ್ರಿ. ಈಗ ಹೇಳ್ರಿ, ನಾ ಹೇಳಿದ್ನೋ ಇಲ್ಲೋ? ಹೇಳಿದ್ನೋ ಇಲ್ಲೋ?

ಸಾಕು. ಸುತ್ರಿ ಈಗ. ಅದಷ್ಟ ಹರಕೊಡ್ರಿ ನನಗ, ಸೊನ್ನಿ ತನಾ.

ಸಾಕ್ರಿ. ಯಾಕ ಇನ್ನೂ ಬಿಚ್ಚತೀರಿ? ಸೊನ್ನಿ ಸಿಕ್ಕಿತಲ್ಲ… ಮುಂದಿಂದು ಏನೂ ಇಲ್ಲ ಅದರಾಗ. ಸುತ್ರಿ ಅಂದೆ. ಗೇರಿನ ಮ್ಯಾಲ ಬೀಳಲಾಕ ಹತ್ತದ ನೋಡ್ರಿ, ಕಾಲಾಗ ಬೀಳಲಾಕ ಹತ್ತದ, ಹೊಲಸಾಗತದ…

ಬೆರಳು ಯಾಕ ಇಡತೀರಿ ಒಂದೊಂದರ ಮ್ಯಾಲ? ನನಗ ಗೊತ್ತದ ಅವು ಏನು ಅಂತ. ನಾನಽ ಹಾಕೀನಿ. ಟಿಕ್ಕು. ಸಾಲು ಬಿದ್ದಂಗೆಲ್ಲಾ ಹಾಕೂದು… ನೀವಽ ಹೇಳಿದ್ರಿ.

ಹಂಗ ನೋಡಬ್ಯಾಡ್ರಿ. ಏನರೆ ಅನ್ರಿ. ಬೈರಿ. ಲೇ ದೇವಪ್ಪ ಅನ್ರಿ ಬೇಕಾದ್ರ.

ಎಣಸಬ್ಯಾಡ್ರಿ. ಮೂವತ್ತೇಳು ಅವ. ಸೊನ್ನಿ ಮುಂದ ಮೂವತ್ತೇಳು ಟಿಕ್ಕು. ಎರಡನೇ ಸೊನ್ನಿ ಇಲ್ಲ.

ಫೋನ್ ಕಟ್ಟಾಗಿದ್ದಿಲ್ಲ. 'ಚೊಲೊ ಆತು' ಅಂದ್ರಿ… ಅದರ ಹಿಂದ ಇನ್ನೊಂದು ಮಾತು ಅಂದ್ರಿ ನೀವು. 'ಅಲ್ಲೇ ಇಡು, ಸೋಮವಾರ ನೋಡೂಣು.' ಅಲ್ಲೇ ಇಡು. ತಿರಗೂದು ಬಿಟ್ಟ ಫ್ಯಾನಿಗೆ ಯಾರರೆ ಅಲ್ಲೇ ಇಡು ಅಂತಾರೇನು? ಆ ಗಳಿಗ್ಯಾಗಽ ನನಗ ತಿಳೀತು, ನೀವು ಹೊಸಾ ಫ್ಯಾನ್ ಅಂತ ತಿಳದೀರಿ ಅಂತ. ಅಲ್ರೀ ಅನ್ನೂದು ನಾಲಿಗಿ ತುದಿಗೆ ಬಂದಿತ್ತು. ಅಷ್ಟರಾಗ ಅಲ್ಲಿ ಯಾರೋ ನಿಮ್ಮ ಹೆಸರು ಕೂಗಿದ್ರು, ಚಪ್ಪಾಳಿ ಬಿತ್ತು. ಹೂಂ ರೀ ಅಂದೆ. ಹೂಂ ರೀ ಅಂದು ಫೋನ್ ಇಟ್ಟೆ… ನಾನಽ ಇಟ್ಟೆ.

ಅವನ ಗಡಿಯಾರ, ಅವನ ಮಷೀನು, ಸೋಮವಾರ ನೋಡಲಿ ಅಂತ ಕೂತೆ. ಒಂದು ತಾಸು ಕೂತೆ. ಇಂಟರ್ಕಾಮ್ ಕೈಗೆ ಎಟಕತಿತ್ತು. ಗೋಡಿ ಮ್ಯಾಲ ಕೆಂಪು ಸ್ವಿಚ್ಚಿತ್ತು, ಅದನ್ನ ಒತ್ತಿದ್ರೂ ಉಳೀತಿತ್ತು. ಕಾಳು ಕೇಳತಿತ್ತು, ಡಿಸ್ಕು ತಪ್ಪತಿತ್ತು, ಸಾಲು ಬೀಳತಿತ್ತು. ನಾ ಟಿಕ್ ಹಾಕತಿದ್ದೆ. ದೇವ್, ದೇವ್, ದೇವ್ ಅಂತ ಕರಕೋತಽ ಇತ್ತು ಅದು… ಮೂವತ್ತೇಳು ಸಲ. ಚಂಪಾನ ಪಾಕ ಅದರಾಗ ಅವ ಅಂತ ನೆನಪಾತು ನನಗ, ಎದ್ದೆ. ಎದ್ದು ಒಂದು ಹೆಜ್ಜಿ ಇಟ್ಟೆ. ಆಗ ಕೆರದ ಸಪ್ಪಳ ಬಂತು. ಮಂಗಳವಾರ ಆಕಿ ಬಂದಾಕಿ ಮಷೀನಿನ ಮುಂದ ಕೂತು ಕೈ ತೊಡಿ ಮ್ಯಾಲ ಇಟಗೊಂಡಿದ್ಲಂತ. ನಾ ನೋಡಿಲ್ಲ, ಹಣಮಂತ್ರಾಯ ಹೇಳಿದ.

ಮತ್ತ ನೀವು ರವಿವಾರ ಬಂದು ಇದನ್ನ ನೋಡೀರಿ. ನೋಡಿ, ಎಣಿಸಿ, ಹರಕೊಂಡು ಹೋಗೀರಿ. ಇದು ಮ್ಯಾಲಿನವರ ಕೈಗೆ ಸಿಕ್ಕಿದ್ರ ಕೆಲಸ ಅಷ್ಟ ಅಲ್ಲ, ಪೊಲೀಸ್ ಠಾಣಾದಾಗ ಕೂಡಿಸತಿದ್ರು ನನ್ನ. ಬಂದದ ಅಂದ, ಆಯಾ ಅಂದ ಅಂತ ನೀವು ಅವರನ್ನೆಲ್ಲಾ ನಗಿಸಿದ್ರಿ… ನಗಿಸಿ ಬಿಡಿಸಿದ್ರೇನು ನನ್ನ?

ಹಂಗಿದ್ರ ಯಾಕ ಹೇಳಲಿಲ್ಲ? ಮೂರು ವರ್ಷ… ಇವತ್ತರೆ ಯಾಕ ಹೇಳಲಿಲ್ಲ, ಇಷ್ಟೊತ್ತನಾ ನಾ ಒದರೂ ಮುಂದ?

ಪೆನ್ನು ಯಾಕ ತೆಗೀತೀರಿ? ಬರೀತೀರೇನು ನಾ ಕೇಳಿದ್ದು? ಸೈದಪ್ಪ ಹೇಳಿದ್ದ ಅಂತ? ಬ್ಯಾಡ್ರಿ. ಮುಚ್ರಿ ಅದನ್ನ… ನೀವು ಸಹಿ ಹಾಕಿಕೊಟ್ರ ಆ ಮಹಾಪೆ ಕೋಣ್ಯಾಗ ಹೋಗಿ ಹೆಂಗ ಕೂಡ್ಲಿ? ಮತ್ತೊಂದು ಕನ್ಸೋಲ್ ಮುಂದ, ಕೈಯಾಗ ಪೆನ್ಸಿಲ್ ಹಿಡಕೊಂಡು…

ಇಳೀತೀನಿ. ಇಲ್ಲ, ಕಲ್ಲು ತಗೀಲಾಕಲ್ಲ. ನಿಮ್ಮ ಬಾಗಿಲ ಹೊರಗಿಂದ ತಗೀಬೇಕು. ವೈನಿಯವರು ಕಾಯತಿರಬೇಕು, ಹಿಂದಕ್ಕ ತಿರಗಸ್ತೀನಿ ಗಾಡಿ. ಅದಕ್ಕ ಮೊದಲ ಒಂದು ಮಾತು. ಬಂದ್ ಅನ್ನೂದು ಈ ಮುಂಬೈದಾಗ ಬಾಯಿಗೆ ಹತ್ತಿದ ಮಾತು. ನಮ್ಮ ಊರಾಗ ಅದಕ್ಕ ಬ್ಯಾರೆ ಶಬ್ದ ಅದ, ನಮ್ಮವ್ವ ಗಿರಣಿಗೆ ಅಂತಿದ್ಲು, ರಾಟಿಗೆ ಅಂತಿದ್ಲು. ಅದಕ್ಕ ಎರಡು ಅರ್ಥ ಇಲ್ಲ. ಅವತ್ತೂ ಗೊತ್ತಿತ್ತು ನನಗ. ಹೂಂ ರೀ ಅನ್ನೂ ಬದಲು ಅದೊಂದು ಅಂದಿದ್ರ…

ಪೆನ್ಸಿಲ್ ಕೊಡ್ರಿ. ಟ್ರಂಕಿನಾಗ ಅದ, ನೂಲಿನ ಬಾಜೂಕ, ನಾ ನೋಡೀನಿ. ಕಾಗದದ ಈ ತುದಿ ಹಿಡೀರಿ, ಮೂವತ್ತೇಳನೇದರ ಹತ್ರ. ಹಾಂ, ಹಿಡೀರಿ. ಇಲ್ಲಿ ಒಂದು ಸೊನ್ನಿ ಹಾಕತೀನಿ.

ಸಾಹೇಬ್ರ… ಫ್ಯಾನ್ ನಿಂತದ.